ನೀರು ಇಳಿಯುವವರೆಗೆ

ಬೆನ್ನಿನ ಚೀಲ ಇಳಿಸದೆ ತಂಗಿ ಕೋಲನ್ನು ಹೊಳೆಗೆ ಊರಿ ನೋಡಿದಳು. ಕೈಯಿಂದ ಕಿತ್ತುಕೊಂಡು ಹೋಗುವಷ್ಟು ಸೆಳೆತ. ನಿನ್ನೆ ಬೆಳಿಗ್ಗೆ ಇದೇ ಜಾಗದಲ್ಲಿ ಪಾದ ಮಾತ್ರ ನೆನೆಸಿಕೊಂಡು ದಾಟಿದ್ದಳು. ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಈಗ ಕೆಂಪಾಗಿ ಇಳಿದು ಬರುತ್ತಿತ್ತು. ಎದುರು ದಡದ ಮರಗಳ ಸಂದಿಯಲ್ಲಿ ಕಾವಲುಗಾರನ ಗುಡಿಸಲು ಕಾಣುತ್ತಿತ್ತು. ಈ ಕಾಡಿನಲ್ಲಿ ಫೋನು ಇರುವುದು ಅಲ್ಲಿ ಮಾತ್ರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಮಧ್ಯಾಹ್ನದೊಳಗೆ ಅಲ್ಲಿಂದ ಅಕ್ಕನಿಗೆ ಫೋನ್ ಮಾಡಬೇಕು, ಅದು ಕರಾರು. ಇಬ್ಬರೂ ಸೇರಿ ನಡೆಸುವ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವವಳು ಅಕ್ಕ, ಬಟ್ಟೆ ಕತ್ತರಿಸುವವಳು ಅಕ್ಕ, ತಂಗಿಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳುವವಳೂ ಅಕ್ಕನೇ. ತಂಗಿಗೆ ನಲವತ್ತು ದಾಟಿದ್ದು ಅವಳ ಗಮನಕ್ಕೆ ಬಂದಂತಿರಲಿಲ್ಲ. ಕಾಡಿನಲ್ಲಿ ಒಂದು ರಾತ್ರಿ ಒಬ್ಬಳೇ ಇದ್ದು ಬರುತ್ತೇನೆ ಎಂದಾಗ ಮೂಗು ಮುರಿದಿದ್ದಳು.

"ಜಿರಳೆ ಕಂಡ್ರೆ ಕುರ್ಚಿ ಹತ್ತೋಳು ನೀನು. ಕಾಡಿಗೆ ಹೋಗ್ತಾಳಂತೆ!"

ತಂಗಿ ವಾದಕ್ಕೆ ಹೋಗಲಿಲ್ಲ. ತಿಂಗಳುಗಟ್ಟಲೆ ಮನೆಯ ತಾರಸಿಯ ಮೇಲೆ ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಹೊತ್ತಿಸುವುದನ್ನು, ಗಂಟು ಹಾಕುವುದನ್ನು, ದಿಕ್ಸೂಚಿ ನೋಡುವುದನ್ನು ಕಲಿತಳು. ಟೆಂಟನ್ನು ತಾನೇ ಹೊಲಿದಳು. ಅದರೊಳಗೆ ಮಲಗಿದ್ದಾಗ ಅಕ್ಕ ಹೇಳದೆ ಕೇಳದೆ ಮೇಲಿನಿಂದ ಒಂದು ಬಕೆಟ್ ನೀರು ಸುರಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. ಆಮೇಲೇ ಒಪ್ಪಿದ್ದು.

"ಹೋಗು. ಆದ್ರೆ ಫೋನ್ ಬರಲಿಲ್ಲ ಅಂದ್ರೆ ನಾನೇ ಹುಡುಕ್ಕೊಂಡು ಬರ್ತೀನಿ. ಆಮೇಲೆ ಕಾಡು ಗೀಡು ಅಂತ ನನ್ನ ಮುಂದೆ ಬಾಯಿ ಬಿಡ್ಬಾರ್ದು."

ಹೊಳೆ ನೋಡುತ್ತ ನಿಂತವಳಿಗೆ ಅಳು ಬಂತು. ರಾತ್ರಿ ಹೆದರಿದ್ದು ನಿಜ, ಆದರೆ ಹೆದರಿಕೆಯ ಜೊತೆಗೇ ನಿದ್ದೆಯೂ ಬಂದಿತ್ತು. ಬೆಳಿಗ್ಗೆ ಎದ್ದಾಗ, ಇಷ್ಟು ಸಂತೋಷ ಹಿಂದೆ ಯಾವಾಗ ಆಗಿತ್ತೆಂದು ನೆನಪಿಗೇ ಬರಲಿಲ್ಲ. ಮತ್ತೆ ಬರಬೇಕು, ಮತ್ತೆ ಮತ್ತೆ ಬರಬೇಕು. ಅದಕ್ಕೆ ಈ ನೀರೊಂದು ದಾಟಿದರೆ ಸಾಕು. ಮೀನಮೇಷ ಎಣಿಸುತ್ತ ಒಂದು ಕಾಲು ಇಟ್ಟೂ ನೋಡಿದಳು. ಅಡಿಯ ಕಲ್ಲು ಉರುಳಿತು. ತಲೆ ಗಟ್ಟಿ ಇದೆಯೆಂದು ಬಂಡೆಗೆ ಹಾಯುತ್ತಾರೆಯೇ? ಹಿಂದೆ ಸರಿದಳು.

ದಡದಿಂದ ದೂರ, ಎತ್ತರದ ಜಾಗ ನೋಡಿ ಟೆಂಟು ಕಟ್ಟಿದಳು. ಬೆಂಕಿ ಮಾಡಿ, ಯಾರಿಗಾದರೂ ಕಾಣಲಿ ಎಂದು ಅದರ ಮೇಲೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿದಳು. ಮಧ್ಯಾಹ್ನ ಕಳೆದುಹೋಯಿತು. ಇನ್ನು ಕಾಡಿನ ಮಾತು ಮುಗಿಯಿತು ಎಂದುಕೊಂಡು ಬಿಸ್ಕತ್ತು ತಿಂದಳು.

ಇಳಿಹೊತ್ತಿನಲ್ಲಿ ಎದುರು ದಡಕ್ಕೆ ಕಾವಲುಗಾರ ಬಂದ. ಅವನ ಹಿಂದೆಯೇ ಅಕ್ಕ. ಅಂಗಡಿಯಿಂದ ಎದ್ದು ಬಂದ ಹಾಗೆಯೇ ಇದ್ದಳು, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ತಂಗಿಯನ್ನು ಕಂಡದ್ದೇ ಏನೋ ಕೂಗಿದಳು; ಹೊಳೆಯ ಸದ್ದಿನಲ್ಲಿ ಬೈಗುಳವೋ ಅಳುವೋ ತಿಳಿಯಲಿಲ್ಲ. ಕಾವಲುಗಾರ ಹಿಡಿದ ಕೈಯನ್ನು ಕೊಡವಿಕೊಂಡು ನೀರಿಗೆ ಇಳಿದೇಬಿಟ್ಟಳು.

"ಅಕ್ಕಾ! ನಿಂತ್ಕೋ!" ತಂಗಿ ದಡಕ್ಕೆ ಓಡಿ ಬಂದು ಎರಡೂ ಕೈ ಅಡ್ಡ ಚಾಚಿದಳು. "ಇಳೀಬೇಡ! ಹಿಂದೆ ಹೋಗು!"

ಜನ್ಮದಲ್ಲಿ ಅಕ್ಕನಿಗೆ ಹಾಗೆ ಹೇಳಿದವಳಲ್ಲ. ಮಾತು ಆಚೆ ಮುಟ್ಟಿತೋ, ಕೈಯಷ್ಟೇ ಕಂಡಿತೋ, ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟಳು.

"ಕೂತ್ಕೋ," ಎಂದು ತಂಗಿ ಅಂಗೈ ಕೆಳಗೆ ಮಾಡಿ ತೋರಿಸಿದಳು. "ನೀರು ಇಳೀಲಿ."

ಅಕ್ಕ ಅವಳನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಿಟ್ಟು ದಡ ಹತ್ತಿದಳು. ಒದ್ದೆಯಾದ ಬಟ್ಟೆಯ ಅಂಚು ಹಿಂಡಿಕೊಂಡಳು. ಆಮೇಲೆ ಅಲ್ಲೇ ಒಂದು ಕಲ್ಲಿನ ಮೇಲೆ, ಹೇಳಿದ ಹಾಗೆ, ಕೂತಳು.