ನಮ್ಮ ರಾಜ್ಯದ ಬಂದರು

“ಕಣ್ ಕಾಣ್ದವ್ಳು ಅಂತ ಗೊತ್ತಿತ್ತು. ಇದ್ದ ಕಿವಿನೂ ಕೆಡಿಸ್ಬುಟ್ಟಲ್ಲ ಕಣ್ಲಾ. ಎಂಟ್ನೇ ಕ್ಲಾಸ್ಗೇ ಇಸ್ಕೂಲ್ ಬುಟ್ಟವ್ನು ಅತ್ನೇ ಕ್ಲಾಸ್ಗೆ ಪಾಠ ಓದುದ್ರೆ ಇನ್ನೇನಾದದು?”

ಗುರುಮೂರ್ತಿ ಮೇಷ್ಟ್ರು ಹೇಳಿದ್ದು ಮಣಿಕಂಠನಿಗೆ. ಕೇಳಿಸಿಕೊಂಡದ್ದು ತಾಳವಾಡಿ ಶಾಲೆಯ ಬೇವಿನ ಮರದಡಿ ಪೋಷಕರ ಸಭೆಗೆಂದು ಬಂದು ಕೂತಿದ್ದ ಮೂವತ್ತು ಜನ. ಮಣಿಕಂಠನ ಪಕ್ಕದಲ್ಲಿ ಅವನ ತಂಗಿ ಮೇಘ ಬೆಂಚಿನ ಅಂಚು ಹಿಡಿದು ಕೂತಿದ್ದಳು. ಹುಟ್ಟಿನಿಂದ ಅವಳಿಗೆ ಕಣ್ಣಿಲ್ಲ. ಪರೀಕ್ಷೆಗೆ ಉಳಿದಿದ್ದದ್ದು ನಲವತ್ತು ದಿನ.

ಆಗಿದ್ದಿಷ್ಟು. ಬೆಳಗ್ಗೆ ಮೇಷ್ಟ್ರು ಸಮಾಜ ವಿಜ್ಞಾನದ ಪ್ರಶ್ನೆ ಕೇಳುತ್ತಾ ಬಂದು, ನಮ್ಮ ರಾಜ್ಯದ ಮುಖ್ಯ ಬಂದರು ಯಾವುದು ಎಂದು ಮೇಘಳನ್ನು ಕೇಳಿದ್ದರು. ಅವಳು ಎದ್ದು ನಿಂತು, ತಡವರಿಸದೆ, ಮಂಗಳೂರು ಎಂದಿದ್ದಳು. ನದಿಗಳು ಕೇಳಿದರೆ ತುಂಗಭದ್ರೆ, ಶರಾವತಿ. ಒಂದೊಂದೂ ಬಾಯಿಪಾಠ, ಒಂದೊಂದೂ ಗಡಿಯಾಚೆಯ ಕರ್ನಾಟಕದ್ದು. ತಾಳವಾಡಿ ಇರುವುದು ತಮಿಳುನಾಡಿನಲ್ಲಿ.

ಜೂನ್‌ನಲ್ಲಿ ಪುಸ್ತಕ ಬಂದಾಗ ಒಂದು ಕಟ್ಟಿನಲ್ಲಿ ಒಂದು ಕಡಿಮೆ ಬಿದ್ದಿತ್ತು. ಕಣ್ಣಿಲ್ಲದವಳಿಗೆ ಬುಕ್ಕು ಯಾಕೆ ಎಂದು ಶಾಲೆಯವರು ಮೇಘಳನ್ನೇ ಬಿಟ್ಟರು. ಆಮೇಲೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಅವಳಿಗೆಂದೇ ಪಾಠ ತುಂಬಿದ ಒಂದು ಮೆಮೊರಿ ಕಾರ್ಡು ಬಂತು. ಹಾಕಿ ಕೇಳಿದರೆ ಮೊದಲಿಂದ ಕೊನೆಯವರೆಗೆ ತಮಿಳು. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತಮಿಳು ಅವಳಿಗೂ ಬರುತ್ತಿತ್ತು. ಪರೀಕ್ಷೆ ಇರುವುದು ಕನ್ನಡದಲ್ಲಿ. ದೀಪಾವಳಿ ಕಳೆಯುವ ತನಕ ಆ ಪಾಠಕ್ಕೆ ಮೇಷ್ಟ್ರೇ ಇರಲಿಲ್ಲ. ಗುರುಮೂರ್ತಿ ಬಂದದ್ದು ಆಮೇಲೆ.

ಮಣಿಕಂಠ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದ. ಬಟ್ಟೆ, ಔಷಧಿ, ಸಿನಿಮಾ, ನೆಂಟಸ್ತನ ಎಲ್ಲಕ್ಕೂ ಹೋಗುವುದು ಅಲ್ಲಿಗೇ. ಆ ರಾಜ್ಯ ಈ ರಾಜ್ಯ ಎಂಬುದು ಅವನಿಗೆ ನೆನಪಾಗುತ್ತಿದ್ದದ್ದು ಚೆಕ್‌ಪೋಸ್ಟಿನಲ್ಲಿ ಮಾತ್ರ. ಹತ್ತನೇ ಕ್ಲಾಸಿನ ಸಮಾಜ, ಕನ್ನಡದ್ದು ಕೊಡಿ ಎಂದ. ಅಂಗಡಿಯವನು ಅಲ್ಲಿಯದನ್ನೇ ಕೊಟ್ಟ. ಇವನು ಎದೆಗವಚಿಕೊಂಡು ಬಂದ.

ತಿಗನಾರೆಯ ಜೋಳದ ಹೊಲದಲ್ಲಿ ಹಂದಿ, ನವಿಲು ಓಡಿಸುವುದು ಅವನ ಕೂಲಿ. ಬೆಳಗಿಂದ ಸಂಜೆಯವರೆಗೆ ಕಾವಲಿನ ಅಟ್ಟಣೆಯ ಮೇಲೆ ಒಬ್ಬನೇ. ಮಾತಾಡಲು ಒಂದು ಜೀವವೂ ಇರುತ್ತಿರಲಿಲ್ಲ. ಎರಡು ತಿಂಗಳು ಅವನು ತನ್ನ ಮೊಬೈಲನ್ನು ಬಾಯಿಗೆ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಓದಿ, ಆ ದನಿಯನ್ನು ಮೇಘಳ ಮೊಬೈಲಿಗೆ ಕಳಿಸಿದ. ದೊಡ್ಡ ಪದ ಬಂದರೆ ಮೂರು ಸಲ ಎಡವಿ ನಾಲ್ಕನೇ ಸಲ ದಾಟಿದ. ಕೊನೆಗೆ, “ಇವತ್ಗೆ ಸಾಕು ಕಣವ್ವ, ಗಂಟ್ಲು ಕಟ್ತದೆ,” ಎಂದು ನಿಲ್ಲಿಸುತ್ತಿದ್ದ. ಎಷ್ಟೋ ದಿನ ಅವನ ಬಾಯಿಂದ ಬಿದ್ದ ಮಾತೆಂದರೆ ಅಷ್ಟೇ.

ಈಗ ಮೇಷ್ಟ್ರು ಮೇಘಳ ಮೊಬೈಲನ್ನು ಇಸಿದುಕೊಂಡು ಸಭೆಗೆ ಕೇಳುವಂತೆ ಒತ್ತಿದರು. ಮಣಿಕಂಠನ ದನಿ ಬೇವಿನಡಿ ಎದ್ದಿತು. “ರಾ... ರಾಜ್ಯದ ಕ... ಕರಾವಳಿ... ಏಯ್, ಉಶ್, ಅಂದಿ ನುಗ್ತು...” ಆಮೇಲೆ ಡಬ್ಬ ಬಡಿದ ಸದ್ದು, ಓಡಿದ ಸದ್ದು, ಏದುಸಿರು. “ಕರಾವಳಿ.”

ಸಭೆ ಗೊಳ್ಳೆಂದಿತು.

“ಅಂದಿಗೂ ಪಾಠ ಆಗದೆ ಬುಡ್ರಪ್ಪ,” ಅಂದ ಹಿಂದಿನ ಸಾಲಿನ ರಂಗಪ್ಪ. “ಅದೇ ಪಾಸಾದದು.”

ಈ ನಗು ಮಣಿಕಂಠನಿಗೆ ಹಳೆಯದು. ಎಂಟನೇ ಕ್ಲಾಸಿನಲ್ಲಿ ಎದ್ದು ನಿಂತು ಓದುವಾಗ ಇದೇ ನಗು ಎದ್ದಿತ್ತು. ಅವತ್ತು ಡಸ್ಟರು ಎತ್ತಿ ಬೀಸಿದ್ದ. ಮಾರನೆಯ ದಿನದಿಂದ ಶಾಲೆ ಇರಲಿಲ್ಲ. ಈಗಲೂ ಕೈ ಬಿಗಿಯಿತು. ನೀವೇ ಬುಕ್ಕು ಕೊಡ್ಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತು.

“ಮೇಘಾ, ನೀನ್ಯಾಕ್ ಕೇಳ್ಕಂಡ್ ಕೂತಿದ್ದೆ?” ಮೇಷ್ಟ್ರು ಕೇಳಿದರು.

ಅವಳು ಮುಖ ತಗ್ಗಿಸಿದಳು. ನಗು ಯಾವ ಕಡೆಯಿಂದ ಬರುತ್ತಿದೆ ಎಂದು ಅವಳ ಕಿವಿ ಅತ್ತ ಇತ್ತ ಹೊರಳುತ್ತಿತ್ತು. “ನಾ ಓದು ಅಂತ ಯೋಳ್ನಿಲ್ಲ ಸಾ. ಅವ್ನೇ ಓದ್ತಿನಿ ಅಂದ.”

ಅಣ್ಣ ಅನ್ನಲಿಲ್ಲ. ಅವ್ನು ಅಂದಳು.

ಮಣಿಕಂಠ ಅವಳನ್ನು ನೋಡಿದ. ಕಾಣದವಳನ್ನು ನೋಡಿ ಏನು ಮಾಡುವುದು. ನಾಳೆ ಈ ಜನದ ಮಕ್ಕಳ ನಡುವೆ, ಈ ಮೇಷ್ಟ್ರ ಮುಂದೆ ಕೂರಬೇಕಾದವಳು ಅವಳು. ಅವನೇನೋ ಎದ್ದು ಅಟ್ಟಣೆಗೆ ಹೋದಾನು. ಇವತ್ತು ಅವನಾಡುವ ಮಾತಿಗೆ ನಲವತ್ತು ದಿನ ಏಟು ತಿನ್ನುವವಳು ಅವಳು. ಬೆರಳು ಒಂದೊಂದಾಗಿ ಸಡಿಲವಾದವು.

ಮೇಷ್ಟ್ರ ಮುಂದಿನ ಮೇಜಿನ ಮೇಲೆ ಹಳೆಯ ವಿದ್ಯಾರ್ಥಿಗಳು ಅವತ್ತು ಹಿಂತಿರುಗಿಸಿದ ಪುಸ್ತಕಗಳ ರಾಶಿ ಇತ್ತು. ಅವನು ಹೋಗಿ ಒಂದೊಂದೇ ಸರಿಸಿ, ಸಮಾಜದ್ದನ್ನು ಹುಡುಕಿ ತೆಗೆದ. ರಟ್ಟಿನ ಮೇಲಿದ್ದ ರಾಜ್ಯದ ಹೆಸರನ್ನು ತುಟಿ ಅಲುಗಿಸಿ ಓದಿಕೊಂಡ. ಎರಡು ಸಲ.

“ಯಾರ್ನ ಕೇಳಿ ಎತ್ಕಂಡೆ? ನಲ್ವತ್ ದಿಸದಲ್ಲಿ ಓದಿ ಮುಗ್ಸೀಯೇನ್ಲಾ?” ಮೇಷ್ಟ್ರು ಎದ್ದು ನಿಂತರು. “ಬಾಯಿಲ್ವಾ ನಿಂಗೆ?”

ಮಣಿಕಂಠ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಗೇಟಿನತ್ತ ತಿರುಗಿದ. ಜನ ಕಾಲು ಮಡಿಸಿಕೊಂಡು ದಾರಿ ಬಿಟ್ಟರು.

ಹೆಜ್ಜೆಯ ಸದ್ದು ಮೇಘಳಿಗೆ ಗೊತ್ತಾಯಿತು. “ಅಣ್ಣಾ,” ಅಂದಳು, “ಎಲ್ಗೋದಯ್?”

ಅವನು ತಿಗನಾರೆಯ ಅಟ್ಟಣೆಯ ದಾರಿ ಹಿಡಿದು ನಡೆದ.