ಭಟ್ಟಿ ಮುಂದೆ ನೀರು ಮುಟ್ಟದ ಮನೆ

ನಮ್ಮ ಬೀದಿಯ ಬೇಕರಿಯ ಬನ್ನು ತಿನ್ನದವರು ಯಾರೂ ಇರಲಿಕ್ಕಿಲ್ಲ. ಮುಂದೆ ಅಂಗಡಿ, ಹಿಂದೆ ಸೌದೆಯ ಭಟ್ಟಿ, ಮೇಲೆ ಸಂಸಾರ. ಬನ್ನು ಕೊಳ್ಳಲು ಹೋದವರು ಅತ್ತೆಯ ದೂರು, ಸೊಸೆಯ ದೂರು ಎರಡನ್ನೂ ಕೇಳಿಯೇ ಹಿಂತಿರುಗಬೇಕು. ಅಂಥ ಬಾಯಿಬಡುಕ ಮನೆಯಲ್ಲಿ ಯಾರೂ ಎದುರಾಡದ ಕಟ್ಟಳೆ ಒಂದೇ: ಭಟ್ಟಿ ಹೊತ್ತಿದ ಮೇಲೆ ಕೊನೆಯ ತಟ್ಟೆ ಹೊರಬರುವವರೆಗೆ ಒಳಗಿದ್ದವರು ತೊಟ್ಟು ನೀರು ಮುಟ್ಟಬಾರದು. ಕಾದ ಮೈಗೆ ನೀರು ಬಿದ್ದರೆ ಕಾದ ಕಲ್ಲಿನಂತೆ ಸೀಳುತ್ತದೆಂದು ಯಜಮಾನರ ವಾದ. ಅವರಿಗೆ ಅವರಪ್ಪ ಹೇಳಿದ್ದರಂತೆ, ಆ ಅಪ್ಪನಿಗೆ ಅವರಪ್ಪ.

ಆ ಬೇಸಿಗೆಯಲ್ಲಿ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ದೊಡ್ಡ ಆರ್ಡರ್ ಬಂದು ಮಧ್ಯಾಹ್ನವೂ ಭಟ್ಟಿ ಆರಲಿಲ್ಲ. ಸೊಸೆಗೆ ಕೂತಲ್ಲಿ ಕೂರಲಾಗದು. ಭಟ್ಟಿಯ ಮುಂದಿರುವ ಗಂಡನಿಗೆ ನಿನ್ನೆಯಿಂದ ಕಾಲು ಸೆಡೆಯುತ್ತಿದೆ, ತಲೆ ಸಿಡಿಯುತ್ತಿದೆ, ವಾಕರಿಕೆ ಬೇರೆ. ಇವೆಲ್ಲ ಮೈ ಕೊಡುವ ಎಚ್ಚರಿಕೆ, ಕಡೆಗಣಿಸಬೇಡ ಎಂದು ನರ್ಸ್ ಆಗಿದ್ದ ಅವಳ ಅಕ್ಕ ಹೇಳಿದ್ದಳು. ಚೊಂಬು ಹಿಡಿದು ಇಳಿದರೆ ಮಾವ ಬಾಗಿಲಲ್ಲೇ ತಡೆದರು.

"ಅವನೇನು ಸೊಪ್ಪಿನ ಮಡೀನಾ ತಾಯಿ, ಹೊತ್ತುಹೊತ್ತಿಗೆ ನೀರು ಹಾಕೋಕೆ?"

"ಕಲ್ಲು ಬೆವರಲ್ಲ ಮಾವ, ಇವರು ಬೆವರ್ತಾರೆ. ಆ ನೀರು ಎಲ್ಲಿಂದ ಬರಬೇಕು?"

ಇನ್ನೊಂದೇ ತಟ್ಟೆ ಬಾಕಿ ಎಂದು ಅವರು ನಕ್ಕುಬಿಟ್ಟರು. ಅವಳು ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅಷ್ಟರಲ್ಲಿ ಒಳಗಿನಿಂದ ಗಂಡನ ದನಿ ಕೇಳಿಸಿತು. ಎಂದೋ ತೀರಿಹೋದ ಚಿಕ್ಕಪ್ಪನನ್ನು ಕರೆದು, ಸೌದೆ ಇಡು ಎನ್ನುತ್ತಿದ್ದ. ಅವಳು ಓಡಿ ಬರುವ ಹೊತ್ತಿಗೆ ನೆಲದಲ್ಲಿ ಬಿದ್ದಿದ್ದ. ಮುಟ್ಟಿದರೆ ಮೈ ಸುಡುತ್ತಿತ್ತು.

ಜ್ವರ ಎಂದರು ಮಾವ. ಕಿಟಕಿ ಮುಚ್ಚಿ ಕಂಬಳಿ ಹೊದಿಸಿದರೆ ಬೆವರಿ ಇಳಿಯುತ್ತದೆಂದರು. ಜ್ವರವಲ್ಲ, ಸೆಕೆಯ ಹೊಡೆತ, ಈಗಲೇ ಮೈ ತಣಿಸದಿದ್ದರೆ ಜೀವ ಉಳಿಯದೆಂದಳು ಸೊಸೆ. ಆಂಬುಲೆನ್ಸಿಗೆ ಫೋನ್ ಮಾಡಿ, ಗಂಡನನ್ನು ಹಿತ್ತಲಿನ ನೆರಳಿಗೆಳೆದು ಅಂಗಿ ಬಿಚ್ಚಿದಳು. ಅತ್ತೆ ಕಂಬಳಿ ಹಿಡಿದು ನಿಂತಿದ್ದರು. ಹೊದಿಸೇ ಎಂದು ಯಜಮಾನರು ಗದರಿದರು.

ಅತ್ತೆ ಗಂಡನ ಕಡೆ ತಿರುಗಿದರು. "ನಿಮ್ಮಪ್ಪ ಹೋದದ್ದೂ ಬೇಸಿಗೇಲೆ. ನಿಮ್ಮ ತಮ್ಮನೂ ಹೀಗೇ ಬಡಬಡಿಸಿದ. ನೀವು ಹೇಳಿದ್ರಿ, ಇಬ್ಬರಿಗೂ ನಾನೇ ಹೊದಿಸಿದೆ. ಇವನಿಗೆ ಹೊದಿಸಲ್ಲ."

ಕಂಬಳಿ ಮೂಲೆಗೆ ಹೋಯಿತು. ಅತ್ತೆ ತೊಟ್ಟಿಯಿಂದ ಬಕೆಟ್ ತುಂಬಿ ಮಗನ ಮೈಮೇಲೆ ನೀರು ಸುರಿದರು. ಸೊಸೆ ಕತ್ತಿಗೆ, ಕಂಕುಳಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಒತ್ತುತ್ತ, ಹಿಟ್ಟಿನ ತಟ್ಟೆಯಿಂದಲೇ ಗಾಳಿ ಬೀಸಿದಳು. ಈಗ ಯಜಮಾನರಿಗೂ ದಿಗಿಲು ಹತ್ತಿತು. ಚೊಂಬು ತಂದು ಮಗನ ಬಾಯಿಗಿಡಹೋದರು. ಸೊಸೆ ಕೈ ಹಿಡಿದಳು.

"ಈಗ ಬೇಡ ಮಾವ. ಪ್ರಜ್ಞೆ ಇಲ್ಲ, ಉಸಿರಿಗೆ ಸಿಕ್ಕುತ್ತೆ. ಕುಡಿಸೋ ಹೊತ್ತು ಬೆಳಿಗ್ಗೆ ಇತ್ತು."

ಆಸ್ಪತ್ರೆಯಿಂದ ಅವನು ನಡೆದೇ ಬಂದ, ಗೋಡೆ ಹಿಡಿದುಕೊಂಡು. ಈಗ ಆ ಬೇಕರಿಯಲ್ಲಿ ಸುಡುಮಧ್ಯಾಹ್ನ ಬೆಂಕಿಯಿಲ್ಲ, ಭಟ್ಟಿ ಹೊತ್ತಿದಾಗ ಬಾಯಾರುವ ಮೊದಲೇ ಎಲ್ಲರೂ ನೀರು ಕುಡಿಯುತ್ತಾರೆ. ಬೇಕರಿಯವರಿಗೆ ಸೋಮಾರಿತನ ಹತ್ತಿತು ಅನ್ನುವವರಿದ್ದಾರೆ. ಅನ್ನಲಿ. ಅವನನ್ನು ಉಳಿಸಿದ ನೀರು ಹಿತ್ತಲಿನ ತೊಟ್ಟಿಯದು. ಅವನ ತಾತ ಸತ್ತ ದಿನ, ಚಿಕ್ಕಪ್ಪ ಸತ್ತ ದಿನ, ಆ ತೊಟ್ಟಿ ತುಂಬಿಯೇ ಇತ್ತು.