ಕೆಡ್ಡಸದಲ್ಲಿ ಎದ್ದ ಪಿಕ್ಕಾಸು

ಕೆಡ್ಡಸ ಮೂರು ದಿನದ ಹಬ್ಬ. ಮಕರ ತಿಂಗಳು ಮುಗಿಯುವ ಹೊತ್ತಿಗೆ, ಅಂದರೆ ಫೆಬ್ರವರಿಯ ಎರಡನೆಯ ವಾರದ ಸುಮಾರಿಗೆ, ಅದು ತುಳುನಾಡಿಗೆ ಬರುತ್ತದೆ. ಮೊದಲನೆಯ ದಿನ ಭೂಮಿ ಮುಟ್ಟಾಗುತ್ತಾಳೆ. ಎರಡನೆಯ ದಿನ ಮಲಗಿರುತ್ತಾಳೆ. ಮೂರನೆಯ ದಿನ ಸೂರ್ಯ ಮೂಡುವ ಮೊದಲು ಹೆಂಗಸರು ಅಂಗಳದ ಮಣ್ಣಿಗೆ ಎಣ್ಣೆ ಎರೆಯುತ್ತಾರೆ, ಆಕೆ ಮೀಯುತ್ತಾಳೆ. ಈ ಮೂರು ದಿನ ನೆಲವನ್ನು ಅಗೆಯಬಾರದು, ಉಳಬಾರದು, ಹಸಿ ಗಿಡವನ್ನು ಕಡಿಯಬಾರದು. ನಾಲ್ಕನೆಯ ದಿನ ನನ್ನ ಕೆಲಸ ಮತ್ತೆ ಆರಂಭವಾಗುತ್ತದೆ.

ನಾನು ಒಂದು ಪಿಕ್ಕಾಸು. ಒಂದು ತುದಿಯಲ್ಲಿ ಮೊನೆ, ಇನ್ನೊಂದು ತುದಿಯಲ್ಲಿ ಎರಡು ಅಂಗುಲ ಅಗಲದ ಚಪ್ಪಟೆ ಬಾಯಿ, ನಡುವೆ ಮರದ ಕಾವು ತೂರಿಸುವ ಕಣ್ಣು. ಕಾವು ಬಿಟ್ಟು ತೂಕ ಎರಡು ಕಿಲೋ ಏಳುನೂರ ಐವತ್ತು ಗ್ರಾಂ. ಹುಟ್ಟಿದಾಗ ಇನ್ನೂ ಮುನ್ನೂರು ಗ್ರಾಂ ಹೆಚ್ಚಿತ್ತು, ಅಷ್ಟು ಸವೆದಿದ್ದೇನೆ. ಮೂವತ್ತೆಂಟು ಕೆಡ್ಡಸಗಳನ್ನು ಕಂಡಿದ್ದೇನೆ. ಅಗೆಯುವುದಕ್ಕೆಂದೇ ಹುಟ್ಟಿದ ನೀನು ಅಗೆಯದ ದಿನಗಳನ್ನು ಏಕೆ ಎಣಿಸುತ್ತೀಯೆ ಎಂದು ಕೇಳಬಹುದು. ಅಗೆಯುವ ದಿನಗಳನ್ನು ಬೇರೆಯವರು ನಿರ್ಧರಿಸುತ್ತಾರೆ. ನನ್ನವು ಎಂದು ಹೇಳಿಕೊಳ್ಳಲು ಇರುವುದು ಆ ಮೂರು ದಿನ ಮಾತ್ರ, ಅವನ್ನೂ ನನ್ನಿಂದ ಕಸಿಯಲು ನೋಡಿದವರಿದ್ದಾರೆ.

೧೯೮೬ರ ಡಿಸೆಂಬರಿನಲ್ಲಿ, ಬಾಬು ಆಚಾರಿಯ ಕುಲುಮೆಯಲ್ಲಿ, ಗುಜರಿಗೆ ಬಂದ ಲಾರಿಯ ಆಕ್ಸಲ್ ತುಂಡಿನಿಂದ ನಾನು ಹುಟ್ಟಿದೆ. ಆಚಾರಿ ಮಾತು ಕಡಿಮೆ, ಕಣ್ಣು ಚುರುಕು. ಮೊದಲು ನನ್ನನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ. ಆಮೇಲೆ ಮೊನೆಯನ್ನು ಮೆಲ್ಲಗೆ ಕಾಯಿಸುತ್ತ, ಅದರ ಬಣ್ಣ ಹಳದಿಯಿಂದ ಕಂದಿಗೆ, ಕಂದಿನಿಂದ ನೇರಳೆಗೆ ತಿರುಗುವವರೆಗೆ ಕಾದ. ನೇರಳೆ ಬಂದ ಕ್ಷಣವೇ ಮತ್ತೆ ನೀರಿಗೆ ಇಳಿಸಿದ. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ನಾನು ಮೆತ್ತಗಾಗುತ್ತಿದ್ದೆ, ಬೇಗವಾಗಿದ್ದರೆ ಮುರುಕಲಾಗುತ್ತಿದ್ದೆ. ನನ್ನ ಹಟದ ಅಳತೆಯನ್ನು ಆ ಕ್ಷಣ ಗೊತ್ತುಮಾಡಿತು.

ನನ್ನನ್ನು ಕೊಂಡವನು ಐತಪ್ಪ, ಬಾವಿ ತೋಡುವವನು. ಬೋಗಿ ಮರದ ಕಾವು ಹಾಕಿಸಿದ. ಬಾವಿ ತೋಡುವುದು ಬೇಸಿಗೆಯ ಕೆಲಸ; ನೀರಿನ ಮಟ್ಟ ಇಳಿದಾಗಲೇ ಆಳಕ್ಕೆ ಹೋಗಬೇಕು. ಆದ್ದರಿಂದ ಕೆಡ್ಡಸ ಬರುವುದು ಸರಿಯಾಗಿ ಕೆಲಸ ಬಿರುಸಾಗಿರುವಾಗ. ಎರಡು ದಿನ ಮೊದಲೇ ಭೂತ ಕಟ್ಟುವ ನಲಿಕೆಯವರು ಮನೆಮನೆಗೆ ಬಂದು ಕೆಡ್ಡಸ ಯಾವಾಗ ಎಂದು ಸಾರಿ ಹೋಗುತ್ತಿದ್ದರು. ಐತಪ್ಪ ನನ್ನನ್ನು ತೊಳೆದು, ಎಣ್ಣೆ ಸವರಿ, ಮಣೆಯ ಮೇಲೆ ಅಡ್ಡಲಾಗಿ ಮಲಗಿಸುತ್ತಿದ್ದ. ಮೊನೆ ನೆಲದ ಕಡೆಗೆ ತಿರುಗಿರಬಾರದು. ಆಯುಧಕ್ಕೂ ನಾಚಿಕೆ ಇರಬೇಕು ಎನ್ನುವುದು ಅವನ ಮಾತು.

೧೯೯೩ರಲ್ಲಿ ಒಬ್ಬ ಧನಿಯ ಮನೆಯ ಬಾವಿ ಮೂವತ್ತೊಂದು ಅಡಿಗೆ ಇಳಿದಿತ್ತು. ಮುರಕಲ್ಲಿನ ಪದರ ಮುಗಿದು ಜೇಡಿಮಣ್ಣು ಸಿಕ್ಕಿತ್ತು, ಜೇಡಿಯಲ್ಲಿ ತೇವ ಕಾಣಿಸಿತ್ತು. ಅಷ್ಟರಲ್ಲಿ ಕೆಡ್ಡಸ ಬಂತು. ಧನಿಯ ಮನೆಯಲ್ಲಿ ಮದುವೆಯ ದಿನ ಹತ್ತಿರವಾಗಿತ್ತು. ನೆಂಟರೆದುರು ನಿಂತು ಅವರು, ಭೂಮಿಗೆ ಮುಟ್ಟಂತೆ, ಐತಪ್ಪನಿಗೆ ರಜೆಯಂತೆ ಎಂದು ನಗೆಯಾಡಿದರು. ಐತಪ್ಪ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಮೂರು ದಿನ ನೀರಿಗೆ ಕಾಯ್ಲಿಕ್ಕೆ ಆಗದವರಿಗೆ ಬಾವಿ ಎಂತಕ್ಕೆ ಧನಿಗಳೇ? ಕೊಡಪಾನ ಸಾಕಲ್ಲ."

ಧನಿ ಬೇರೆ ಊರಿನ ತೋಡುವವರಿಗೆ ಹೇಳಿಕಳುಹಿಸಿದರು. ಆ ಮೂರು ದಿನ ಯಾವ ಊರಿನಿಂದಲೂ ಯಾರೂ ಬರಲಿಲ್ಲ. ನಾಲ್ಕನೆಯ ದಿನ ಐತಪ್ಪನೇ ಇಳಿದ.

ಅವನ ಮಗಳು ಸುಗಂಧಿಗೆ ಆಗ ಒಂಬತ್ತು ವರ್ಷ. ಬಾವಿಯ ಅಂಚಿನಲ್ಲಿ ಕುಳಿತು ನನ್ನ ಸದ್ದನ್ನು ಕೇಳುತ್ತಿದ್ದಳು. ಗಟ್ಟಿ ಕಲ್ಲು, ಟೊಳ್ಳು ಕಲ್ಲು, ಜೇಡಿ, ಮರಳು, ಪ್ರತಿಯೊಂದಕ್ಕೂ ನನ್ನ ಸ್ವರ ಬೇರೆ. ಒಂದು ಪದರ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ತಿಳಿಯುತ್ತದೆ ಎಂದು ಅಪ್ಪ ಕಲಿಸಿದ್ದ. ಅವಳು ಮೇಲಿನಿಂದಲೇ ಕೂಗಿ ಹೇಳುತ್ತಿದ್ದಳು, ಹೆಚ್ಚಾಗಿ ಸರಿಯಾಗಿಯೇ ಇರುತ್ತಿತ್ತು.

ಐತಪ್ಪನ ಕೈಯಲ್ಲಿ ಇಪ್ಪತ್ತೆರಡು ಕೆಡ್ಡಸ ಕಳೆದೆ. ೨೦೦೮ರ ಮಳೆಗಾಲದಲ್ಲಿ ಅವನು ತೀರಿಕೊಂಡ. ಸುಗಂಧಿ ಮದುವೆಯಾಗಿ ಬೇರೆ ಮನೆಯಲ್ಲಿದ್ದಳು. ನಾನು ಐತಪ್ಪನ ತಂಗಿಯ ಮಗ ಸಂಜೀವನ ಪಾಲಾದೆ.

ಸಂಜೀವ ಕೆಟ್ಟವನಲ್ಲ. ಮಂಗಳೂರಿನ ಕಟ್ಟಡಗಳ ಅಡಿಪಾಯ ತೋಡುವ ಗುತ್ತಿಗೆದಾರನ ಬಳಿ ದುಡಿಯುತ್ತಿದ್ದ. ಅಲ್ಲಿ ಭೂಮಿಗೆ ಭಾನುವಾರವೂ ಇರಲಿಲ್ಲ. ಏಳು ಕೆಡ್ಡಸಗಳಲ್ಲಿ ನಾನು ಮಣ್ಣಿಗೆ ಬಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಏಳನೆಯ ವರ್ಷ, ನಡು ಕೆಡ್ಡಸದ ಮಧ್ಯಾಹ್ನ, ಎತ್ತಿದ ಏಟಿನಲ್ಲೇ ಕಾವು ಎರಡು ತುಂಡಾಯಿತು. ಅದನ್ನು ನನ್ನ ಪ್ರತಿಭಟನೆ ಎಂದು ಕರೆದುಕೊಳ್ಳುವ ಆಸೆ ನನಗಿದೆ. ಆದರೆ ಮರಕ್ಕೆ ಒಳಗಿನಿಂದ ಗೆದ್ದಲು ಹಿಡಿದಿತ್ತು ಎಂಬುದು ವಾಸ್ತವ. ಗೆದ್ದಲು ಆ ದಿನವನ್ನೇ ಏಕೆ ಆರಿಸಿತು ಎಂಬುದಕ್ಕೆ ನನ್ನಲ್ಲಿ ವಿವರಣೆಯಿಲ್ಲ.

ಒಂದು ವರ್ಷ ಸಂಜೀವನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದೆ. ಆಮೇಲೆ ಸುಗಂಧಿ ಬಂದಳು. ಅಪ್ಪನ ಪಿಕ್ಕಾಸು ಬೇಕು ಎಂದಳು. ತುಕ್ಕು ಹಿಡಿದದ್ದು ಯಾಕೆ, ಹೊಸತು ತೆಗೆದುಕೊಡುತ್ತೇನೆ ಎಂದ ಸಂಜೀವ.

"ಹೊಸತಕ್ಕೆ ನನ್ನ ಗುರ್ತ ಇಲ್ಲ," ಎಂದಳು ಅವಳು.

ಹೊಸ ಕಾವು ಬಂತು. ೨೦೧೯ರಿಂದ ಅವಳ ಕೆಲಸ ಹನ್ನೊಂದು ಮಹಡಿಯ ಒಂದು ಫ್ಲ್ಯಾಟ್ ಕಟ್ಟಡದಲ್ಲಿ, ಗಿಡ ನೋಡಿಕೊಳ್ಳುವುದು. ಎಂಬತ್ತೆಂಟು ಮನೆ, ನಾನೂರಕ್ಕೂ ಹೆಚ್ಚು ಗಿಡದ ಚಟ್ಟಿಗಳು, ಆದರೆ ಗೋಡೆಯಿಂದ ಗೋಡೆಗೆ ಎಲ್ಲೆಲ್ಲೂ ಇಂಟರ್‌ಲಾಕ್ ಕಲ್ಲು ಹಾಸಿದ ಅಂಗಳ. ಗೇಟಿನ ಹೊರಗೆ ಕಾಂಕ್ರೀಟ್ ರಸ್ತೆ. ಮಣ್ಣು ಕಾಣುವ ಜಾಗವೇ ಇರಲಿಲ್ಲ. ನಾನು ಪಂಪ್ ರೂಮಿನ ಬಾಗಿಲ ಬಳಿ ಒರಗಿರುತ್ತಿದ್ದೆ. ಅಲ್ಲಿಂದ ಅಂಗಳವೆಲ್ಲ ಕಾಣುತ್ತಿತ್ತು.

ಮೂರನೆಯ ಮಹಡಿಯಲ್ಲಿ ನಿಶ್ಮಿತಾ ಎಂಬ ಜೀವಶಾಸ್ತ್ರದ ಅಧ್ಯಾಪಕಿ ಇದ್ದಳು. ಅಜ್ಜಿ ಮಾಡುತ್ತಿದ್ದ ಕೆಡ್ಡಸ ತನ್ನ ಕಾಲಕ್ಕೆ ನಿಂತುಹೋಗಬಾರದು ಎಂದು ಅವಳ ಮನಸ್ಸಿಗೆ ಬಂದಿತ್ತು. ಇನ್ನೂ ನಾಲ್ವರನ್ನು ಸೇರಿಸಿ ವಾಟ್ಸಾಪ್ ಗುಂಪು ಮಾಡಿದಳು, ಸಾಮಾನಿನ ಪಟ್ಟಿ ಬರೆದಳು: ಎಣ್ಣೆ, ಸೀಗೆಪುಡಿ, ಅರಿಶಿನ, ಕುಂಕುಮ, ಬಾಚಣಿಗೆ, ಕನ್ನಡಿ, ಮತ್ತು ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ನೇರಿ. ಗಂಡಸರು ಬೇಟೆಗೆ ಹೋಗುವ ಪದ್ಧತಿಯನ್ನು ಕೈಬಿಟ್ಟರು. ಗಿಡ ಕತ್ತರಿಸುವ ಯಂತ್ರ ಮೂರು ದಿನ ನಿಲ್ಲಬೇಕು, ಚಟ್ಟಿಯ ಕರಿಬೇವಿನ ಎಲೆಯನ್ನೂ ಕೀಳಬಾರದು ಎಂದು ಸೇರಿಸಿದರು. ಮಾರ್ಕೆಟ್ಟಿನ ತರಕಾರಿ ಹೆಚ್ಚಬಹುದೇ ಎಂಬ ಪ್ರಶ್ನೆ ಎದ್ದಾಗ ಸುಗಂಧಿಯನ್ನು ಕೇಳಿದರು. ಅದು ಸತ್ತು ಎರಡು ದಿನ ಆಗಿದೆ, ಧೈರ್ಯವಾಗಿ ಹೆಚ್ಚಿ ಎಂದಳು ಅವಳು.

ಮೊದಲ ವರ್ಷ, ೨೦೨೨ರಲ್ಲಿ, ಐವರೂ ಬೆಳಿಗ್ಗೆ ಸೀರೆಯುಟ್ಟು ಬಂದು ಒಂದು ದೊಡ್ಡ ಚಟ್ಟಿಗೆ ಎಣ್ಣೆ ಎರೆದರು. ಸುಗಂಧಿ ಪಂಪ್ ರೂಮಿನ ಮೆಟ್ಟಿಲಲ್ಲಿ ಕುಳಿತು ನಗು ತಡೆಯುತ್ತಿದ್ದಳು. ಏಕೆ ನಗುತ್ತೀರಿ ಅಕ್ಕ ಎಂದು ನಿಶ್ಮಿತಾ ಕೇಳಿದಳು.

"ಮೇಡಂ, ಅದು ನರ್ಸರಿಯಿಂದ ಚೀಲದಲ್ಲಿ ಬಂದದ್ದು. ಅರ್ಧ ತೆಂಗಿನ ನಾರು. ನಾರಿಗೆ ಎಲ್ಲಿಯ ಮುಟ್ಟು?"

ಎಲ್ಲರೂ ನಕ್ಕರು, ನಿಶ್ಮಿತಾ ಎಲ್ಲರಿಗಿಂತ ಹೆಚ್ಚು ನಕ್ಕಳು. ಆದರೆ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ.

ಮರುವರ್ಷ ಕೆಡ್ಡಸದ ಹಿಂದಿನ ದಿನ ಸುಗಂಧಿ ನನ್ನ ಚಪ್ಪಟೆ ಬಾಯಿಯನ್ನು ಸಂದಿಗೆ ತೂರಿಸಿ ಒಂಬತ್ತು ಇಂಟರ್‌ಲಾಕ್ ಕಲ್ಲುಗಳನ್ನು ಮೀಟಿ ತೆಗೆದಳು. ಕೆಳಗಿನ ಜಲ್ಲಿಪುಡಿಯನ್ನು ಕೈಯಲ್ಲಿ ಬಾಚಿದಳು. ಒಂದೂವರೆ ಅಡಿ ಚೌಕದಲ್ಲಿ ಕೆಂಪು ಮಣ್ಣು ಕಾಣಿಸಿತು. ಯಾರನ್ನೂ ಕೇಳಲಿಲ್ಲ. ಮೂರನೆಯ ಬೆಳಿಗ್ಗೆ ಎಣ್ಣೆಯ ತಂಬಿಗೆ ಮುಂದಿಟ್ಟುಕೊಂಡು ನಿಶ್ಮಿತಾ ಹಿಂಜರಿದಳು. ತನಗೂ ಅದೇ ದಿನಗಳು, ಮುಟ್ಟಬಹುದೇ ಎಂದಳು.

"ಆಕೆಗೆ ಆದದ್ದನ್ನು ಊರಿಗೆಲ್ಲ ಸಾರ್ತೇವೆ. ನಿಮಗೆ ಆದದ್ದಕ್ಕೆ ಎಂತ ಗುಟ್ಟು? ಹಿಡೀರಿ ತಂಬಿಗೆ."

ಮಣ್ಣು ಎಣ್ಣೆಯನ್ನು ಕುಡಿಯಿತು. ಮಳೆ ಬಿದ್ದಾಗ ಆ ಚೌಕದಲ್ಲಿ ತುಂಬೆಗಿಡ ಎದ್ದಿತು, ಯಾರೂ ನೆಡದೆ.

ಫ್ಲ್ಯಾಟಿನವರ ಸಂಘದ ಕಾರ್ಯದರ್ಶಿ ಜಯಕರರು ನಿವೃತ್ತ ಅಧಿಕಾರಿ, ನಿಯಮಕ್ಕೆ ಕಟ್ಟುಬಿದ್ದ ಮನುಷ್ಯ. ವಾಕಿಂಗ್ ಹೋಗುವವರ ಕಾಲು ಗುಂಡಿಗೆ ಸಿಕ್ಕೀತು, ನೀರು ಇಂಗಿ ಅಡಿಪಾಯಕ್ಕೆ ತೊಂದರೆಯಾದೀತು, ನಾಳೆ ಎಂಬತ್ತೆಂಟು ಮನೆಯವರೂ ಒಂದೊಂದು ಗುಂಡಿ ಕೇಳಿದರೆ ಏನು ಗತಿ ಎಂದು ಅವರು ಹೇಳುತ್ತಿದ್ದರು. ೨೦೨೪ರ ಕೆಡ್ಡಸದ ಮೊದಲ ದಿನ ಅವರೇ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಬೇರೆ ಸೀಮೆಯವನು. ತುಂಬೆಯನ್ನು ತುಳಿದು ಮಟ್ಟ ಮಾಡಿ, ಮೇಲೆ ಖಾಲಿ ಸಿಮೆಂಟ್ ಚೀಲವನ್ನು ಹಾಸಿ, ಎರಡು ಅಂಗುಲ ದಪ್ಪಕ್ಕೆ ಕಾಂಕ್ರೀಟ್ ಸುರಿದ. ನಿಶ್ಮಿತಾ ಓಡಿ ಬಂದಳು. ಜಯಕರರು ಶಾಂತವಾಗಿದ್ದರು.

"ಕೆಡ್ಡಸದಲ್ಲಿ ಅಗೆಯಬಾರದು. ನನ್ನ ಅಮ್ಮನೂ ಅದನ್ನೇ ಹೇಳ್ತಿದ್ದದ್ದು. ಇನ್ನು ಮೂರು ದಿನ ನೀವು ಇದನ್ನು ಮುಟ್ಟುವ ಹಾಗಿಲ್ಲ, ನಿಮ್ಮದೇ ನಿಯಮ."

ಅದು ಬುದ್ಧಿವಂತಿಕೆ. ನಮ್ಮ ಹಗ್ಗದಿಂದಲೇ ನಮ್ಮನ್ನು ಕಟ್ಟಿದ್ದರು. ಇನ್ನು ಮುಂದೆ ಅಂಗಳದ ಕಲ್ಲಿಗೆ ಕೈ ಹಚ್ಚಿದರೆ ಕೆಲಸ ಬಿಡಬೇಕಾದೀತು ಎಂದು ಸುಗಂಧಿಗೆ ಬೇರೆಯಾಗಿ ಹೇಳಿದರು. ಗಂಡ ಹಾಸಿಗೆ ಹಿಡಿದ ಮೇಲೆ ಅವಳ ಮನೆ ನಡೆಯುತ್ತಿದ್ದುದು ಆ ಕೆಲಸದಿಂದಲೇ. ಎರಡು ದಿನ ಅವಳು ಚಟ್ಟಿಗಳಿಗೆ ನೀರು ಹಾಕಿದಳು. ನಾನು ಮಣೆಯ ಮೇಲೆ ಮಲಗಿದ್ದೆ, ಮೊನೆ ಗೋಡೆಯ ಕಡೆಗೆ.

ಮೂರನೆಯ ದಿನ ಬೆಳಿಗ್ಗೆ ಐದೂವರೆಗೆ ಐವರೂ ಎಣ್ಣೆ ಹಿಡಿದು ಬಂದು ಕಾಂಕ್ರೀಟಿನ ಸುತ್ತ ನಿಂತರು. ಸಿಮೆಂಟಿನ ಮೇಲೆಯೇ ಎರೆಯೋಣ, ಭಾವನೆ ಮುಖ್ಯ ಎಂದು ಒಬ್ಬಳು ಮೆಲ್ಲಗೆ ಹೇಳಿದಳು. ನಿಶ್ಮಿತಾ ಸುಗಂಧಿಯ ಮುಖ ನೋಡಿದಳು. ಕೆಡ್ಡಸ ಇನ್ನೂ ಮುಗಿದಿಲ್ಲ, ಇವತ್ತು ಅಗೆದರೆ ನಾವೇ ತಪ್ಪಿದ ಹಾಗೆ ಎಂದಳು.

"ಅಗೆಯುದು ಯಾರು?" ಎಂದಳು ಸುಗಂಧಿ. "ತಾಯಿಯ ಮೈಮೇಲೆ ಬಿದ್ದ ಕಲ್ಲು ತೆಗೀಲಿಕ್ಕೆ ಮುಹೂರ್ತ ನೋಡುದಿಲ್ಲ ಮೇಡಂ."

ಅವಳು ಪಂಪ್ ರೂಮಿಗೆ ಬಂದು ನನ್ನನ್ನು ಮಣೆಯಿಂದ ಎತ್ತಿದಳು.

ನನ್ನ ಬದುಕಿನ ಅತ್ಯಂತ ಕಷ್ಟದ ಕೆಲಸ ಅದು. ಮೂವತ್ತೊಂದು ಅಡಿ ಇಳಿಯುವುದು ಇದರ ಮುಂದೆ ಸುಲಭ. ಇಲ್ಲಿ ಎರಡು ಅಂಗುಲ ಇಳಿದು ಅಲ್ಲಿಯೇ ನಿಲ್ಲಬೇಕಿತ್ತು. ಅವಳು ಕಾವನ್ನು ಗಿಡ್ಡಕ್ಕೆ ಹಿಡಿದು, ಅಂಚಿನಲ್ಲಿ ಓರೆಯಾಗಿ, ಬೆರಳಿನಿಂದ ಬಾಗಿಲು ತಟ್ಟಿದಷ್ಟೇ ಬಲದಲ್ಲಿ ನನ್ನ ಮೊನೆಯನ್ನು ಬಡಿಯತೊಡಗಿದಳು. ಪ್ರತಿ ಏಟಿಗೂ ಕಿವಿ ಕೊಟ್ಟಳು. ಹದಿನೇಳನೆಯ ಏಟಿಗೆ ನನ್ನ ಸ್ವರ ಬದಲಾಯಿತು. ಅವಳು ಕೈಯನ್ನು ಅಲ್ಲಿಯೇ ತಡೆದಳು. ನನ್ನ ಮೊನೆ ಚೀಲದ ಮೇಲೆ ನಿಂತಿತ್ತು. ಅದರ ಕೆಳಗೆ, ಒಂದು ಎಳೆಯ ಅಂತರದಲ್ಲಿ, ಮಣ್ಣಿನ ತಂಪು. ಹುಟ್ಟಿದಂದಿನಿಂದ ನಾನು ನುಗ್ಗಿದ್ದು ಅದರ ಕಡೆಗೇ. ಈ ಸಲ ನುಗ್ಗಲಿಲ್ಲ. ಅವಳು ನನ್ನನ್ನು ತಿರುಗಿಸಿ, ಚಪ್ಪಟೆ ಬಾಯಿಯನ್ನು ಕಾಂಕ್ರೀಟಿಗೂ ಚೀಲಕ್ಕೂ ನಡುವೆ ಸರಿಸಿ, ಪಕ್ಕದ ಇಂಟರ್‌ಲಾಕ್ ಕಲ್ಲಿಗೆ ಆನಿಸಿ ಕಾವನ್ನು ಒತ್ತಿದಳು. ಕಾಂಕ್ರೀಟಿನ ಹಲಗೆ ಒಂದೇ ತುಂಡಾಗಿ ಎದ್ದಿತು. ಐವರೂ ಸೇರಿ ಅದನ್ನು ಪಕ್ಕಕ್ಕೆ ಇಟ್ಟರು. ಸುಗಂಧಿ ಚೀಲವನ್ನು ಕೈಯಿಂದ ಸುತ್ತಿ ತೆಗೆದಳು. ಮೂಡಣ ಕೆಂಪಾಗುತ್ತಿತ್ತು. ನನ್ನನ್ನು ತೊಳೆಯಲು ವೇಳೆಯಿರಲಿಲ್ಲ. ಎತ್ತಿಡಲಾದ ಹಲಗೆಯ ಮೇಲೆ ಮಲಗಿಸಿ ಅವಳು ಎಣ್ಣೆ ಹಿಡಿದಳು.

ಆರೂವರೆಗೆ ಜಯಕರರು ವಾಕಿಂಗಿಗೆ ಇಳಿದರು. ಅವರ ಹಿಂದೆ ಇನ್ನೂ ಹತ್ತಾರು ಮಂದಿ ಸೇರಿದರು. ಮಣ್ಣಿನ ಮೇಲೆ ಅರಿಶಿನ, ಕುಂಕುಮ, ಪಕ್ಕದಲ್ಲಿ ಬಾಚಣಿಗೆ, ಕನ್ನಡಿ. ಅವರು ಸ್ವಲ್ಪ ಹೊತ್ತು ಬಾಚಣಿಗೆಯನ್ನೇ ನೋಡಿದರು. ಆಮೇಲೆ ಸುಗಂಧಿಯತ್ತ ತಿರುಗಿದರು.

"ಕೆಡ್ಡಸದ ದಿನ ನೆಲ ಅಗೆದೆಯಲ್ಲ. ಇದೆಂತ ಭಕ್ತಿ ನಿನ್ನದು?"

"ನಾನು ಅಗೆಯಲಿಲ್ಲ ಸರ್. ಮುಚ್ಚಳ ತೆಗೆದದ್ದು. ಮಣ್ಣಿಗೆ ಕಬ್ಬಿಣ ತಾಗಿಸಲಿಲ್ಲ."

"ಪಿಕ್ಕಾಸಿನಲ್ಲಿ ತೆಗೆದು, ತಾಗಿಸಲಿಲ್ಲ ಅಂದ್ರೆ?"

"ನನ್ನ ಮಾತು ಯಾಕೆ? ಅದು ಅಲ್ಲೇ ಉಂಟು, ತೊಳೀಲಿಲ್ಲ. ನೋಡಿ."

ಎಲ್ಲರೂ ಕೇಳುವಂತೆ ಜಯಕರರು ಹೇಳಿದರು: ಮಣ್ಣು ತಾಗಿದ್ದರೆ ಅವಳು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ, ತಾಗದಿದ್ದರೆ ಆ ಚೌಕವನ್ನು ಇನ್ನು ಯಾರೂ ಮುಚ್ಚುವುದಿಲ್ಲ. ಸುಗಂಧಿ ತಲೆಯಾಡಿಸಿದಳು. ಜಯಕರರು ಕನ್ನಡಕ ಹಾಕಿಕೊಂಡರು, ಬಾಗಿ ನನ್ನನ್ನು ಎತ್ತಿದರು, ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ಮೊದಲು ನನ್ನ ಮೊನೆಯನ್ನು, ಆಮೇಲೆ ಚಪ್ಪಟೆ ಬಾಯಿಯನ್ನು, ಎರಡೂ ಬದಿ ಬಲವಾಗಿ ಒರೆಸಿದರು, ಮತ್ತು ಬಟ್ಟೆಯನ್ನು ಬೆಳಕಿಗೆ ಬಿಡಿಸಿ ಹಿಡಿದರು.

ಕರವಸ್ತ್ರದ ಮೇಲೆ ಬೂದುಬಣ್ಣದ ಸಿಮೆಂಟಿನ ಪುಡಿ ಇತ್ತು. ಕೆಂಪು ಮಣ್ಣು ಇರಲಿಲ್ಲ.